ಭಾಗವತ ಯಾವಾಗ ಬತ್ತ?

ಬೆಂಗಳೂರಿನಲ್ಲಿರುವ ನಮ್ಮ ಭಾವನಿಗೆ ಆಗೀಗ ಸಂಗೀತದ ಹಸಿವು ಕೆರಳುತ್ತದೆ. ಆಗ ಫೋನ್ ಮಾಡಿ, "ಎಂತ ಕೇಳವು ಹೇಳು ಭಾವ, ಒಂದು ಪಟ್ಟಿ ಕಳಸು" ಎನ್ನುತ್ತಾನೆ. ಸಾಯುವುದರೊಳಗೆ ಕೇಳಲೇಬೇಕಾದ 1001 ಆಲ್ಬಮ್‌ಗಳು ಎಂದು ಇಂಗ್ಲಿಷಿನಲ್ಲಿ ದಪ್ಪನೆಯ ಪುಸ್ತಕವೇ ಇದೆ. ಆದರೆ ಪಟ್ಟಿ ಮಾಡುವ ಪಂಡಿತರು ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಬಿಟ್ಟಿರುತ್ತಾರೆ. ಹಾಡು ಕೇಳುವಾಗ ನಿಮ್ಮ ಕೈ ಎಲ್ಲಿರುತ್ತದೆ?

ಸಿದ್ದಾಪುರ ತಾಲೂಕಿನ ನಿಲ್ಕುಂದದ ಕಡೆ ಇದಕ್ಕೆ ಉತ್ತರ ಒಂದೇ: ಅಡಿಕೆಯಲ್ಲಿ. ಕೊನೆಗೌಡ ಇಳಿಸಿದ ಹಸಿ ಅಡಿಕೆ ಹೆಚ್ಚು ದಿನ ಕಾಯುವುದಿಲ್ಲ. ಸುಲಿದು, ಬೇಯಿಸಿ, ಒಣಗಿಸಿದರೆ ಮಾತ್ರ ಕೆಂಪಡಿಕೆ. ಹಾಗಾಗಿ ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕುಳಿತುಬಿಟ್ಟರೆ ಮುಗಿಯಿತು, ಒಗರು ರಸ ಹತ್ತಿ ಎಲ್ಲರ ಕೈಯೂ ಕಪ್ಪು. ಆ ಕೈಯಲ್ಲಿ ಟೇಪ್‌ರೆಕಾರ್ಡರಿನ ಗುಂಡಿ ಮುಟ್ಟಲು ಯಾರಿಗೂ ಅನುಮತಿಯಿಲ್ಲ. ಇಷ್ಟವೋ ಕಷ್ಟವೋ, ಒಂದು ಬದಿ ಪೂರ್ತಿ ಕೇಳಲೇಬೇಕು. 90 ನಿಮಿಷದ ಕ್ಯಾಸೆಟ್ಟಾದರೆ 45 ನಿಮಿಷಕ್ಕೊಮ್ಮೆ ಗುಂಡಿ ತಾನಾಗಿ ಟಕ್ಕೆಂದು ಎದ್ದುಕೊಳ್ಳುತ್ತದೆ. ಆಗ ಎಲ್ಲರಿಗೂ ಕವಳ, ಮಕ್ಕಳಲ್ಲಿ ಶುಭ್ರ ಕೈಯ ಒಬ್ಬರಿಗೆ ಕ್ಯಾಸೆಟ್ ಮಗುಚುವ ಗೌರವ. 1948ರಲ್ಲಿ ಲಾಂಗ್ ಪ್ಲೇ ರೆಕಾರ್ಡ್ ಹೊರತಂದ ಅಮೆರಿಕದ ಕೊಲಂಬಿಯಾ ಕಂಪನಿಯವರಿಗೂ ಇದಕ್ಕಿಂತ ಶಿಸ್ತಿನ ಶ್ರೋತೃಗಳು ಸಿಕ್ಕಿರಲಾರರು.

ಭಾವನ ಪಟ್ಟಿಗೆ ನಾನು ಮೊದಲು ಬರೆಯುವುದು 'ಕಾಲ್ ಆಫ್ ದ ವ್ಯಾಲಿ'. 1967ರದ್ದು. ಶಿವಕುಮಾರ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜಭೂಷಣ ಕಾಬ್ರಾ ಗಿಟಾರ್. ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಅಹಿರ್ ಭೈರವದಿಂದ ಶುರುಮಾಡಿ ರಾಗದಿಂದ ರಾಗಕ್ಕೆ ದಾಟಿಸುತ್ತ ರಾತ್ರಿಯವರೆಗೆ ಒಯ್ಯುತ್ತಾರೆ. ಮಾತಿಲ್ಲ, ಹಾಡಿಲ್ಲ. ಇದನ್ನು ನಮ್ಮ ಜಗಲಿಯಲ್ಲಿ ಹಾಕಿದಾಗ ಅಜ್ಜ ಎರಡೂ ಬದಿ ತಲೆದೂಗುತ್ತ ಕೇಳಿದರು. ಕೊನೆಗೆ, "ಪೀಠಿಕೆ ಚೊಲೊ ಇದ್ದು. ಭಾಗವತ ಯಾವಾಗ ಬತ್ತ?" ಎಂದರು.

ಅಜ್ಜನ ತಕರಾರು ನ್ಯಾಯವಾದದ್ದೇ. ಈ ಸೀಮೆಯಲ್ಲಿ ಸಂಗೀತವೆಂದರೆ ಮೊದಲು ಯಕ್ಷಗಾನದ ಭಾಗವತಿಕೆ, ಉಳಿದದ್ದೆಲ್ಲ ಆಮೇಲೆ. ಶಿರಸಿ ಸೀಮೆಯವರೇ ಆದ ನೆಬ್ಬೂರು ನಾರಾಯಣ ಭಾಗವತರು ಕೆರೆಮನೆ ಮೇಳದಲ್ಲಿ ದಶಕಗಟ್ಟಲೆ ಹಾಡಿದವರು. ಪದ್ಯವನ್ನು ಅವಸರವಿಲ್ಲದೆ ಬಿಡಿಸುವ ಆ ಕಂಠವನ್ನು ಹಿರಿಯರೊಡನೆ ಕೂತು ಕೇಳಬೇಕು. ಕಾಳಿಂಗ ನಾವಡರದು ಬೇರೆಯೇ ಬಗೆ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತರ ಆಸುಪಾಸಿನ ವಯಸ್ಸು, ಆದರೆ ಅವರ ಕ್ಯಾಸೆಟ್ಟುಗಳು ಇನ್ನೂ ಮುದಿಯಾಗಿಲ್ಲ. ಆಟದ ಟೆಂಟಿನಲ್ಲೇ ಹಿಡಿದ ರೆಕಾರ್ಡಿಂಗ್ ಸಿಕ್ಕರೆ ಅದನ್ನೇ ಆರಿಸಿ. ಪದ್ಯದ ನಡುವೆ ಯಾರೋ ಕೆಮ್ಮುವುದು, ಯಾರದೋ ಮಗು ಅಳುವುದು ಎಲ್ಲ ಸೇರಿದ್ದರೇನೇ ಅದಕ್ಕೆ ರುಚಿ.

ಇನ್ನು ತಾಳಮದ್ದಳೆ. ಹಾಡು ಕಡಿಮೆ, ವಾದ ಜಾಸ್ತಿ. ಇದು ಆಲ್ಬಮ್ ಹೇಗಾಗುತ್ತದೆ ಎಂದು ಭಾವ ಕೇಳಿದರೆ, ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಆಮೇಲೆ ಮಾತಾಡು ಎನ್ನುತ್ತೇನೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಎಡಗಡೆ ಸಾಲಿನ ಸುಲಿಯುವವರು ವಾಲಿಯ ಪಕ್ಷ, ಬಲಗಡೆಯವರು ರಾಮನ ಪಕ್ಷ. ಆ ರಾತ್ರಿ ಅಡಿಕೆಗಿಂತ ರಾಮನೇ ಹೆಚ್ಚು ಸುಲಿಸಿಕೊಳ್ಳುತ್ತಾನೆ.

ತಾಳಮದ್ದಳೆ ಗೊತ್ತಿದ್ದವರಿಗೆ ಜಾಝ್ ಸಲೀಸು ಎಂಬುದು ನನ್ನ ಖಚಿತ ಅಭಿಪ್ರಾಯ. ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' 1959ರಲ್ಲಿ ನ್ಯೂಯಾರ್ಕಿನ ಸ್ಟುಡಿಯೋ ಒಂದರಲ್ಲಿ ಎರಡೇ ದಿನದಲ್ಲಿ ಮುಗಿದದ್ದು. ಡೇವಿಸ್ ಜೊತೆಗಾರರ ಕೈಗೆ ಪೂರ್ತಿ ಬರೆದ ಸಂಗೀತ ಕೊಡಲಿಲ್ಲ, ಬರೀ ಗೆರೆಯಷ್ಟು ಸೂಚನೆ. ಉಳಿದದ್ದು ಅಲ್ಲೇ ಹುಟ್ಟಬೇಕು. ನಮ್ಮಲ್ಲೂ ಅಷ್ಟೇ: ಪದ್ಯ ಪ್ರಸಂಗಕರ್ತನದು, ಅರ್ಥ ಆ ಕ್ಷಣದ್ದು. ಹೀಗೆಂದು ವಿವರಿಸಿದ ಮೇಲೆ ಅಜ್ಜನಿಗೆ ಆಸಕ್ತಿ ಹುಟ್ಟಿತು. ಟ್ರಂಪೆಟ್ ಊದುವ ಡೇವಿಸ್ ಎರಡೇ ಮಾತಾಡಿ ಎದುರಾಳಿಯನ್ನು ಕೂರಿಸುವ ಹಿರಿಯ ಅರ್ಥಧಾರಿ ಎಂದು ಗುರುತಿಸಿದರು. ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್ ಬಗ್ಗೆ, "ಈ ಮಾಣಿಗೆ ವಿದ್ವತ್ತು ಇದ್ದು, ನಿಲ್ಸದು ಗೊತ್ತಿಲ್ಲೆ" ಎಂದರು. ಅಮೆರಿಕದ ವಿಮರ್ಶಕರು ಇದನ್ನೇ ಹೇಳಲು ಪುಸ್ತಕಗಟ್ಟಲೆ ಬರೆದಿದ್ದಾರೆ.

ಬೆಳಗಿನ ಜಾವಕ್ಕೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ (1963) ಇದ್ದೇ ಇದೆ, ಅದನ್ನು ಯಾರೂ ಶಿಫಾರಸು ಮಾಡಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ: ಹಳೇ ಸೆಲ್ ಹಾಕಿದ ಟೇಪ್‌ರೆಕಾರ್ಡರಿನಲ್ಲಿ ಸುಬ್ಬುಲಕ್ಷ್ಮಿ ಆರಂಭಿಸಿದ್ದನ್ನು ಗಂಡಸರ್ಯಾರೋ ಮುಗಿಸಿದಂತೆ ಕೇಳುತ್ತದೆ.

ಜೋಗ ಸಾಗರದವರದೋ ಸಿದ್ದಾಪುರದವರದೋ ಎಂದು ಕಾದಾಡುವ ನಮ್ಮ ಕಡೆಯವರಿಗೆ ಜೋಗವನ್ನು ನೆನಪಿಸುವ ಎರಡು ಆಲ್ಬಮ್ ಕಡ್ಡಾಯ. ಒಂದು 1978ರ 'ನಿತ್ಯೋತ್ಸವ'. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. ಕನ್ನಡದಲ್ಲಿ ಭಾವಗೀತೆ ಕ್ಯಾಸೆಟ್ಟಿನ ಕಾಲ ಶುರುವಾದದ್ದೇ ಅದರಿಂದ. ಇನ್ನೊಂದು 2006ರ 'ಮುಂಗಾರು ಮಳೆ'. ಮನೋಮೂರ್ತಿ ಸಂಗೀತ, ಹಾಡು ಬರೆದವರಲ್ಲಿ ನಮ್ಮ ಜಿಲ್ಲೆ ಗೋಕರ್ಣದ ಜಯಂತ ಕಾಯ್ಕಿಣಿ. ಮಳೆ ಎಂದರೆ ಪ್ರೇಮ ಎಂದು ಅವರು ಬರೆದ ಮೇಲೂ ಇಲ್ಲಿ ಮಳೆ ಎಂದರೆ ಕೊಳೆರೋಗವೇ.

ಹಿಂದೂಸ್ತಾನಿ ಬೇಕೆಂದರೆ ದೂರ ಹೋಗಬೇಡಿ. ಯಲ್ಲಾಪುರ ತಾಲೂಕಿನ ಹಾಸಣಗಿಯ ಗಣಪತಿ ಭಟ್ಟರಿದ್ದಾರೆ, ಬಸವರಾಜ ರಾಜಗುರುಗಳ ಶಿಷ್ಯರು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರನ್ನು ಮಾತ್ರ ಸುಲಿಯುವಾಗ ಹಾಕಬೇಡಿ. ಅಪರೂಪದ ರಾಗ ಹಿಡಿದು ಉಸಿರುಬಿಡದೆ ಸುತ್ತುತ್ತಾರೆ, ನೀವು ಅವರ ಹಿಂದೆ ಹೋದರೆ ಬೆರಳು ಕತ್ತಿಯ ಮೇಲೆ ಹೋಗುತ್ತದೆ. ರಾತ್ರಿ ಬಸ್ಸಿಗೆ ರಘು ದೀಕ್ಷಿತರ 2008ರ ಮೊದಲ ಆಲ್ಬಮ್. ಅದರಲ್ಲಿರುವ ಶಿಶುನಾಳ ಶರೀಫಜ್ಜನ ಹಾಡಿಗೆ ಗಿಟಾರ್ ಒಪ್ಪುತ್ತದೆ, ಸಂಶಯ ಬೇಡ.

ಈಗ ಸುಲಿಯುವ ಯಂತ್ರ ಬಂದಿದೆ. ಕೈ ಶುಭ್ರ, ಅದರ ಗದ್ದಲದಲ್ಲಿ ಕಿವಿಗೆ ಮಾತ್ರ ಏನೂ ಇಲ್ಲ. ಭಾವನದೂ ಶುಭ್ರ ಕೈಯೇ. ಒಂದು ಹಾಡು ಅರ್ಧ ನಿಮಿಷ ದಾಟುವುದರೊಳಗೆ ಅವನ ಹೆಬ್ಬೆರಳು ಮುಂದಿನದಕ್ಕೆ ಹಾರಿರುತ್ತದೆ. ಪಟ್ಟಿಯೇನೋ ಕಳಿಸಿದ್ದೇನೆ, ಜೊತೆಗೆ ಒಂದು ಚೀಲ ಸುಲಿಯದ ಅಡಿಕೆಯನ್ನೂ ಕಳಿಸುವ ಯೋಚನೆಯಿದೆ.

ಕೊನೆಯದಾಗಿ ಒಂದು ವಿನಂತಿ. ನಮ್ಮ ಮನೆಯ ವಾಲಿವಧೆಯ ಮೂರನೇ ಕ್ಯಾಸೆಟ್ಟನ್ನು ಯಾರೋ ಎರವಲು ಒಯ್ದವರು ತಂದುಕೊಟ್ಟಿಲ್ಲ. ಅದರಲ್ಲಿ ರಾಮನ ಉತ್ತರವಿದೆ. ಅದಿಲ್ಲದೆ ನಮ್ಮ ಜಗಲಿಯಲ್ಲಿ ವರ್ಷಗಳಿಂದ ವಾಲಿಯೇ ಗೆಲ್ಲುತ್ತಿದ್ದಾನೆ. ದಯವಿಟ್ಟು ಹಿಂದಿರುಗಿಸಿ.