ಕೆಮಿಕಲ್ ಕಾಕಾ

ಕೆಮಿಕಲ್ ಕಾಕಾ ಒಬ್ಬರೇ ಎಂದುಕೊಂಡವರು ವಿಜಯಪುರ ಜಿಲ್ಲೆಯನ್ನು ಸರಿಯಾಗಿ ತಿರುಗಿಲ್ಲ. ಇಂಡಿಗೊಬ್ಬರು, ಸಿಂದಗಿಗೊಬ್ಬರು, ಮುದ್ದೇಬಿಹಾಳಕ್ಕೊಬ್ಬರು ಇದ್ದಾರೆ. ಬಸವನ ಬಾಗೇವಾಡಿಯಲ್ಲಿ ಇಬ್ಬರಿದ್ದು, ಅಯೋಡಿನ್ ಉಪ್ಪಿನ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟಿದ್ದಾರೆ. ಹೆಚ್ಚಿನವರು ನಿವೃತ್ತ ಮಾಸ್ತರರು. ಪೆನ್ಶನ್ ಸರಿಯಾಗಿ ಬರುತ್ತದೆ, ಹೊತ್ತು ಮಾತ್ರ ಹೋಗುವುದಿಲ್ಲ. ಪುಣೆಯಲ್ಲಿರುವ ಮಗ ಕೊಡಿಸಿದ ದೊಡ್ಡ ಮೊಬೈಲ್ ಕಿಸೆಯಲ್ಲಿರುತ್ತದೆ. ಕಿರಾಣಿ ಅಂಗಡಿಗೆ ಹೋದರೆ ಪಾಕೀಟಿನ ಬೆಲೆ ಕೇಳುವುದಿಲ್ಲ, ತಿರುವಿ ಬೆನ್ನ ಫೋಟೋ ಹೊಡೆಯುತ್ತಾರೆ. ಆಮೇಲೆ ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ, ಸಾಸಿವೆಗಿಂತ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಾರೆ. ಹಿಂದೆ ಹಾಲಿಗೆ ಬಂದ ಹುಡುಗಿ, ಬೀಡಿಗೆ ಬಂದ ಮುದುಕ, ಎಲ್ಲರೂ ಪಾಠ ಮುಗಿಯುವ ತನಕ ನಿಲ್ಲಬೇಕು.

ಇಂಡಿಯ ಕಾಕಾ ಒಂದು ಸಂಜೆ ಮೊಮ್ಮಗ ಆರಿಸಿದ ಲಿಂಬೆ ಸರಬತ್ತಿನ ಪುಡಿ ಹಿಡಿದು ಹೌಹಾರಿದರು.

"ಏ ತಮ್ಮಾ, ಇದರಾಗ ಮುನ್ನೂರಾ ಮೂವತ್ತು ಅದಲ್ಲೋ!"

"ಇಲ್ರೀ ಕಾಕಾರ, ಬರೇ ಇಪ್ಪತ್ತು ರೂಪಾಯಿ. ಯಾರ ಹೇಳಿದ್ರಿ ಮುನ್ನೂರಂತ?"

ಕಾಕಾ ಹೇಳಿದ್ದು ರೊಕ್ಕದ ಲೆಕ್ಕವಲ್ಲ. ಆಹಾರಕ್ಕೆ ಬೆರೆಸುವ ಪದಾರ್ಥಗಳಿಗೆ ಅಂತರರಾಷ್ಟ್ರೀಯ ನಂಬರುಗಳಿವೆ, ಅದರಲ್ಲಿ 330 ಎಂದರೆ ಸಿಟ್ರಿಕ್ ಆಮ್ಲ. ಕ್ಯಾನ್ಸರ್ ತರುವುದರಲ್ಲಿ ಇದೇ ಮೊದಲನೆಯದು ಎಂದು ಅವರ ವಾಟ್ಸಾಪಿಗೆ ಯಾರೋ ಕಳಿಸಿದ್ದಾರೆ. ಕಳಿಸಿದವರಿಗೆ ಇನ್ನಾರೋ ಕಳಿಸಿದ್ದರು. ಬೇರು ಹುಡುಕುತ್ತ ಹೋದರೆ 1976ರ ಫ್ರಾನ್ಸ್ ಮುಟ್ಟುತ್ತೇವೆ. ಪ್ಯಾರಿಸ್ ಪಕ್ಕದ ವಿಲ್‌ಜುಯಿಫ್‌ನಲ್ಲಿರುವ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಹೊತ್ತ ಟೈಪು ಮಾಡಿದ ಹಾಳೆಯೊಂದು ಅಲ್ಲಿ ಕೈಯಿಂದ ಕೈಗೆ ಹೋಯಿತು. ವಿಷಕಾರಿ ನಂಬರುಗಳ ಆ ಯಾದಿಯಲ್ಲಿ 330ಕ್ಕೇ ಅಗ್ರಸ್ಥಾನ. ಹಾಳೆಗೂ ನಮಗೂ ಸಂಬಂಧವಿಲ್ಲವೆಂದು ಆಸ್ಪತ್ರೆ ಹೇಳಿದರೂ ಝೆರಾಕ್ಸ್ ನಿಲ್ಲದೆ ಯುರೋಪನ್ನೆಲ್ಲ ಸುತ್ತಿತು. ನಮ್ಮ ಜೀವಕೋಶಗಳಲ್ಲಿ ಸಿಟ್ರಿಕ್ ಆಮ್ಲ ಭಾಗವಹಿಸುವ ಚಕ್ರಕ್ಕೆ ಅದನ್ನು ಕಂಡುಹಿಡಿದ ಹಾನ್ಸ್ ಕ್ರೆಬ್ಸ್ ಹೆಸರಿದೆ, ಅದಕ್ಕೆ 1953ರಲ್ಲಿ ಅವರಿಗೆ ನೊಬೆಲ್ ಬಂತು. ಜರ್ಮನ್ ಭಾಷೆಯಲ್ಲಿ ಕ್ರೆಬ್ಸ್ ಎಂದರೆ ಕ್ಯಾನ್ಸರ್ ಕೂಡ ಹೌದು. ಗೊಂದಲ ಹುಟ್ಟಿದ್ದು ಅಲ್ಲಿಂದಲೇ ಇರಬೇಕೆಂದು ಕೆಲವರ ಊಹೆ. ಅಂತೂ ಮೊಬೈಲ್ ಹುಟ್ಟುವ ಮೊದಲೇ ಫ್ರಾನ್ಸಿನಲ್ಲಿ ಕಾಕಾಗಳಿದ್ದರು ಎಂಬುದಕ್ಕೆ ದಾಖಲೆ ಸಿಕ್ಕಂತಾಯಿತು.

ಆದರೆ ಫ್ರಾನ್ಸಿನವರನ್ನು ಕ್ಷಮಿಸಬಹುದು, ಇಂಡಿಯವರನ್ನು ಹೇಗೆ ಕ್ಷಮಿಸುವುದು? 1784ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಈ ಆಮ್ಲವನ್ನು ಮೊದಲು ಬೇರ್ಪಡಿಸಿದ್ದೇ ಲಿಂಬೆ ಜಾತಿಯ ಹಣ್ಣಿನ ರಸದಿಂದ. ಲಿಂಬೆ ರಸದ ನೂರು ಪಾಲಿನಲ್ಲಿ ಐದಾರು ಪಾಲು ಅದೇ ಇರುತ್ತದೆ. ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹುಳಿಯಿಂದ ಹೆಸರು ಮಾಡಿದ ಊರು ಅದು, ಆ ಹುಳಿಯೆಂದರೆ ಈ 330. ಕಾಕಾನ ತೋಟದಲ್ಲೇ ಲಿಂಬೆ ಗಿಡಗಳಿವೆ. ಎಲೆಮೇಲೆ ಬರೆದಿಲ್ಲದ್ದರಿಂದ ತೊಂದರೆಯಿಲ್ಲ. ದಿನಾ ಮುಂಜಾನೆ ಬೆಚ್ಚನೆಯ ನೀರಿಗೆ ಒಂದು ಇಡೀ ಲಿಂಬೆ ಹಿಂಡಿ ಕುಡಿಯುತ್ತಾರೆ. ಯಾಕೆ ಎಂದರೆ, "ಮೈಯಾಗಿನ ಕೆಮಿಕಲ್ಲೆಲ್ಲ ತೊಳಕೊಂಡ ಹೋಗ್ತಾವ."

ಇವರನ್ನು ಬರೀ ನಗುವಂತೆಯೂ ಇಲ್ಲ. 2024ರ ಮಾರ್ಚ್ 11 ನಾಲ್ಕೂ ತಾಲೂಕಿನ ಕಾಕಾಗಳ ಪಾಲಿಗೆ ಹಬ್ಬ. ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದೆಂದು ಅವತ್ತು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಘೋಷಿಸಿದರು. ರಾಜ್ಯದಲ್ಲಿ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ ಎಂದು ಬಂದಿತ್ತು. ಮಿಠಾಯಿಯ ಗುಲಾಬಿಯಲ್ಲಿ ಸಿಕ್ಕ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಅದೇ ಜೂನ್‌ನಲ್ಲಿ ಕಬಾಬಿನ ಸರದಿಯೂ ಬಂತು. ಮರುವರ್ಷ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವವರ ಮೇಲೆ ಇಲಾಖೆ ಕಣ್ಣಿಟ್ಟಿತು. ಸಿಂದಗಿಯ ಕಾಕಾ ಪೇಪರ್ ಕತ್ತರಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು (ಆ ಪ್ಲಾಸ್ಟಿಕ್ ಬಗ್ಗೆ ಯಾರೂ ಕೇಳಲಿಲ್ಲ) ಬಸ್‌ಸ್ಟ್ಯಾಂಡಿನ ಗೋಬಿ ಗಾಡಿಗೆ ಹೋಗಿ ನಿಂತರು.

"ಹೇಳಿದ್ನಿಲ್ಲೋ ನಾ? ಹತ್ತ ವರ್ಷ ಆತು ಬಡಕೊಳ್ಳಾಕ ಹತ್ತಿ!"

"ಹೌದ್ರಿ ಕಾಕಾರ, ನಾವೂ ಬಿಟ್ಟೀವ್ರಿ. ಈಗ ಬರೇ ಬ್ಯಾಡಗಿ ಖಾರ. ಆದ್ರ ಗಿರಾಕಿ ಬಂದು, ಇದ್ಯಾಕ ಮಾರಿ ಸಣ್ಣ ಮಾಡೇದ, ನಿನ್ನಿದೇನು ಅಂತ ಕೇಳ್ತಾರ."

ಕಾಕಾ ಒಂದು ಪ್ಲೇಟ್ ತರಿಸಿಕೊಂಡು ಕಡ್ಡಿಯಿಂದ ಚುಚ್ಚಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ನಿಜಕ್ಕೂ ಮಂಕಾಗಿತ್ತು. ಅರ್ಧ ತಿಂದು, "ಮೊದಲಿನ ಮಜಾ ಇಲ್ಲ ಬಿಡು" ಎಂದರು.

ನನ್ನ ಪ್ರಕಾರ ಕಾಕಾಗಳ ಜಾತಕವೆಲ್ಲ ಆ ಅರ್ಧ ಪ್ಲೇಟಿನಲ್ಲಿದೆ. ಬರೆದದ್ದಕ್ಕೆ ಅಂಜುತ್ತಾರೆ, ಬಣ್ಣಕ್ಕೆ ಸೋಲುತ್ತಾರೆ. ಪಾಕೀಟಿನ ಮೇಲೆ ಪ್ರಾಮಾಣಿಕವಾಗಿ ನಂಬರು ಮುದ್ರಿಸಿದವ ಅವರ ಕಣ್ಣಿಗೆ ಕಳ್ಳ. ಸಂತೆಯಲ್ಲಿ ಗೋಣಿಚೀಲ ಬಿಚ್ಚಿ ಏನೂ ಬರೆಯದೆ ಕುಳಿತವ ನಮ್ಮವ, ಮಣ್ಣಿನ ಮಗ. ಅವನ ಎದುರಿಗೆ ಕೂತು ಬೆಲ್ಲದ ಪೆಂಟಿ ಆರಿಸುವಾಗ ಕೈ ಹೋಗುವುದು ಬಂಗಾರದ ಬಣ್ಣದ್ದಕ್ಕೇ. ಕಬ್ಬಿನ ಹಾಲು ಕುದಿಸಿದರೆ ಬರುವ ಸಹಜ ಬಣ್ಣ ಕಂದು. ಬೆಂಡಿ ಗಿಡದ ಲೋಳೆ ಹಾಕಿ ಹೊಲಸು ತೆಗೆದರೂ ಅಷ್ಟು ಬೆಳ್ಳಗಾಗುವುದಿಲ್ಲ. ಗಾಣದ ಮನೆಯವರು 'ಹೈಡ್ರೋಸ್' ಎನ್ನುವ ಸೋಡಿಯಂ ಹೈಡ್ರೋಸಲ್ಫೈಟ್ ಬಿದ್ದಾಗ ಮಾತ್ರ ಅದಕ್ಕೆ ಆ ಕಳೆ. ಕಂದು ಬೆಲ್ಲ ತೋರಿಸಿದರೆ ಕಾಕಾ, "ಇದು ಸುಟ್ಟಂಗ ಅದ, ಎಮ್ಮಿಗಿ ಹಾಕು" ಎನ್ನುತ್ತಾರೆ.

ಮಣೂಕವೂ ಹಾಗೇ. ದ್ರಾಕ್ಷಿಯನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ನೆರಳಲ್ಲಿ ಒಣಗಿಸುವುದನ್ನು ನಮ್ಮ ಭಾಗದಲ್ಲಿ ನೋಡದವರಿಲ್ಲ. ಆ ಹಸಿರು-ಹಳದಿ ಮಿಂಚು ಕಂದಬಾರದೆಂದು ಗಂಧಕದ ಹೊಗೆ ಕೊಡುತ್ತಾರೆ. ಆ ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡಿಗೂ ನಂಬರಿದೆ, 220. ಪಾಕೀಟಿನ ಮೇಲೆ ಕಂಡರೆ ಕಾಕಾ ಅಂಗಡಿಯನ್ನೇ ಮುಚ್ಚಿಸುವರು. ಬಿಡಿಯಾಗಿ ತೂಗಿ ಕೊಟ್ಟರೆ, "ಹಸರಂದ ಹಾಕಪ್ಪಾ, ಕರೇದು ಬ್ಯಾಡ."

ಮನೆಯಲ್ಲಿ ಇವರನ್ನು ಸಹಿಸಿಕೊಂಡವರು ಕಾಕುಗಳು. ಮುದ್ದೇಬಿಹಾಳದ ಕಾಕಾ ಒಮ್ಮೆ ತೊಗರಿ ಬ್ಯಾಳಿಯ ಪರೀಕ್ಷೆಗೆ ಇಳಿದರು. ಬ್ಯಾಳಿಗೆ ಮೆಟಾನಿಲ್ ಯೆಲ್ಲೋ ಎಂಬ ನಿಷಿದ್ಧ ಬಣ್ಣ ಹಚ್ಚಿದ್ದರೆ, ನೆನೆಸಿದ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಹಾಕಿದೊಡನೆ ಕಡು ಗುಲಾಬಿಯಾಗುತ್ತದೆ. ಇದು ಸುಳ್ಳಲ್ಲ, ಒಳ್ಳೆಯ ಪರೀಕ್ಷೆಯೇ. ಆದರೆ ಆಮ್ಲ? ಪಾಯಖಾನೆ ತೊಳೆಯುವ ಆಸಿಡ್ ಬಾಟಲಿ ಹಿಡಿದು ಕಾಕಾ ಸೀದಾ ಅಡುಗೆಮನೆಗೆ ಬಂದರು. ಕಾಕು ರೊಟ್ಟಿ ಬಡಿಯುತ್ತಿದ್ದರು. ಕಾಚಿನ ಲೋಟದಲ್ಲಿ ಬ್ಯಾಳಿ, ಮೇಲೆ ನೀರು; ಕಾಕಾನ ಕೈ ನಡುಗಿ ಎರಡು ಹನಿ ಲೋಟಕ್ಕೆ, ಎಂಟು ಹನಿ ನೆಲಕ್ಕೆ ಬಿದ್ದವು. ಲೋಟ ಸುಮ್ಮನಿತ್ತು. ನೆಲ ಚೊಂಯ್ಯೆಂದು ಬಿಳಿ ನೊರೆ ಎಬ್ಬಿಸಿತು.

"ನೋಡು, ನೋಡು! ಬ್ಯಾಳ್ಯಾಗಿನ ಕೆಮಿಕಲ್ ಹೆಂಗ ಕುದಿಯಾಕ ಹತ್ತೈತಿ!"

"ಬ್ಯಾಳಿ ಲೋಟದಾಗೈತ್ರಿ. ಕುದಿಯಾಕ ಹತ್ತಿದ್ದು ನಮ್ಮ ಪರ್ಸಿ."

ಪರ್ಸಿ ಎಂದರೆ ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ಇಂಗಾಲದ ಡೈಆಕ್ಸೈಡ್ ಉಕ್ಕುತ್ತದೆ. ಸೋಡಾ ಬಾಟಲಿಯೊಳಗಿರುವುದೂ ಅದೇ, ನಂಬರ್ 290. ಆ ಎಂಟು ಬಿಳಿ ಕಲೆ ಇಂದಿಗೂ ಒಲೆಯ ಮುಂದಿವೆ, ಬಂದವರಿಗೆ ಕಾಕು ತೋರಿಸುತ್ತಾರೆ. ನಿಜಕ್ಕೂ ಅಂಜಬೇಕಾದ ವಸ್ತು ಆ ದಿನ ಬ್ಯಾಳಿಯಲ್ಲಿರಲಿಲ್ಲ, ಕಾಕಾನ ಕೈಯಲ್ಲಿತ್ತು. ಬಚ್ಚಲಮನೆಯ ಅದೇ ಮೂಲೆಯಲ್ಲಿ ಬ್ಲೀಚಿಂಗ್ ಪೌಡರಿನ ಚೀಲವೂ ಇತ್ತು. ಅವೆರಡೂ ಬೆರೆತರೆ ಏಳುವುದು ಕ್ಲೋರಿನ್, 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ನರು ಎದುರಾಳಿಗಳ ಮೇಲೆ ಬಿಟ್ಟ ಅನಿಲ. ನೆಲ ಇನ್ನೂ ಹೊಳೆಯಲಿ ಎಂದು ಎರಡನ್ನೂ ಸೇರಿಸಿ ಸುರಿದು, ಬಾಗಿಲು ಮುಚ್ಚಿ ತಿಕ್ಕುವವರು ನಮ್ಮ ಓಣಿಗಳಲ್ಲಿ ಇದ್ದಾರೆ. ಅದರ ಬಗ್ಗೆ ಕಾಕಾನ ಮೊಬೈಲಿಗೆ ಇನ್ನೂ ಯಾರೂ ಏನೂ ಕಳಿಸಿಲ್ಲ.

ಮೊಮ್ಮಗಳ ಮದುವೆ ಗೊತ್ತಾದಾಗ ಮುಖ ಬೆಳ್ಳಗಾಗುವ ಕ್ರೀಮಿನ ಡಬ್ಬಿ ತಂದವರೂ ಕಾಕಾನೇ. ಡಬ್ಬಿಯ ಮೇಲೆ ತಯಾರಿಸಿದವರ ಹೆಸರಿಲ್ಲ, ಒಳಗೆ ಏನಿದೆ ಎಂದಿಲ್ಲ. ಓದಲು ಏನೂ ಇಲ್ಲದ್ದರಿಂದ ಕಾಕಾಗೆ ಸಮಾಧಾನ. ಇಂಥ ಕ್ರೀಮುಗಳಿಗೆ ಪಾದರಸ ಹಾಕುವವರಿದ್ದಾರೆ. ನಮ್ಮಲ್ಲಿ 2020ರ ನಿಯಮದಂತೆ ಮುಖಕ್ಕೆ ಹಚ್ಚುವ ಪದಾರ್ಥಕ್ಕೆ ಪಾದರಸ ಬೆರೆಸುವಂತಿಲ್ಲ, ತಾನಾಗಿ ಸೇರಿದ್ದರೂ ಹತ್ತು ಲಕ್ಷಕ್ಕೆ ಒಂದು ಪಾಲು ದಾಟಬಾರದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ರೋಗದಿಂದ ಬಂದವರನ್ನು ವಿಚಾರಿಸುತ್ತ ಹೋದ ವೈದ್ಯರು ಕೊನೆಗೆ ಮುಟ್ಟಿದ್ದು ಹೆಸರಿಲ್ಲದ ಇಂಥ ಡಬ್ಬಿಗಳನ್ನೇ. ಪುಣ್ಯಕ್ಕೆ ಹುಡುಗಿ ಬಿಎಸ್ಸಿ ಓದಿದವಳು. "ಅಜ್ಜಾ, ಇದರ ನಂಬರ್ ಎಷ್ಟು?" ಎಂದು ಕೇಳಿ ಡಬ್ಬಿ ತಿಪ್ಪೆಗೆ ಎಸೆದಳು.

ಕಾಕಾನ ತಲೆಯ ಮಾತು ಬೇರೆ. ನಾಲ್ಕೂ ತಾಲೂಕಿನ ಕಾಕಾಗಳು ಎಷ್ಟೇ ಭಿನ್ನಾಭಿಪ್ರಾಯ ಇಟ್ಟುಕೊಂಡಿದ್ದರೂ ಒಂದರಲ್ಲಿ ಒಮ್ಮತವಿದೆ: ಒಬ್ಬರದೂ ಒಂದು ಕೂದಲು ಬೆಳ್ಳಗಿಲ್ಲ. ಹಚ್ಚುವ ಬಣ್ಣದಲ್ಲಿರುವುದು ಪ್ಯಾರಾಫಿನೈಲೀನ್‌ಡೈಅಮೈನ್, ಕಾಕಾ ಒಂದೇ ಉಸಿರಿಗೆ ಓದಲಾಗದ ಹೆಸರು. ಕೆಲವರ ಚರ್ಮಕ್ಕೆ ಅದು ಆಗಿಬರುವುದಿಲ್ಲ, ಮುಖ ಊದಿ ಕಣ್ಣು ಮುಚ್ಚಿಹೋಗಬಹುದು. ಸ್ವಲ್ಪ ಹಚ್ಚಿಕೊಂಡು 48 ತಾಸು ಕಾದು ನೋಡಿರೆಂದು ಪಾಕೀಟಿನಲ್ಲೇ ಬರೆದಿರುತ್ತದೆ. ಕಾಕಾ ಹಚ್ಚುವುದು ಮದುವೆಯ ಅಕ್ಕಿಕಾಳಿಗೆ ಹೊರಡುವ ಮುಂಜಾನೆ, ಬಸ್ಸಿಗೆ ಒಂದು ತಾಸು ಇರುವಾಗ. ಆ ಒಂದು ಪಾಕೀಟಿನ ಫೋಟೋ ಅವರ ಮೊಬೈಲಿನಲ್ಲಿಲ್ಲ.

ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಜಾತ್ರೆ. ಮಾತು ಬಿಟ್ಟ ಇಬ್ಬರು ಕಾಕಾಗಳೂ ಬೇರೆ ಬೇರೆ ದಿಕ್ಕಿನಿಂದ ಬಂದಿದ್ದರು. ಅದರಲ್ಲಿ ಹಿರಿಯರು ಮೊಮ್ಮಗನ ಕೈ ಹಿಡಿದು ಬೆಂಡು ಬತ್ತಾಸಿನ ಸಾಲು ದಾಟಿ ಬಾಂಬೆ ಮಿಠಾಯಿಯವನ ಮುಂದೆ ನಿಂತರು. ಕೋಲಿನ ಮೇಲೆ ಸುತ್ತಿದ್ದೆಲ್ಲ ಅಚ್ಚ ಬಿಳುಪು. ಹುಡುಗ ಮೂಗು ಮುರಿದ.

"ಅಜ್ಜಾ, ಇದು ಹತ್ತಿ. ನನಗ ಗುಲಾಬಿದು ಬೇಕು."

"ಅದರಾಗ ಕೆಮಿಕಲ್ ಇರ್ತದೋ ಕೂಸ, ಇದನ್ನ ತಿನ್ನು" ಎಂದು ಕಾಕಾ ತಾವೊಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡರು. ಕರಗಿಸಿ, ನಾಲಗೆ ಆಡಿಸಿ, "ಏನೋ ಸಪ್ಪಗದಲ್ಲೋ ತಮ್ಮಾ? ಸಕ್ಕರಿ ಕಡಿಮಿ ಮಾಡೀ ಏನು?"

"ಸಕ್ಕರಿ ಅಷ್ಟ ಅದರೀ ಕಾಕಾರ. ಬಣ್ಣ ಒಂದ ಇಲ್ಲ." ಮಿಠಾಯಿಯವ ಕೋಲು ತಿರುಗಿಸುತ್ತ ಕಾಕಾನ ತಲೆಯನ್ನೇ ನೋಡಿದ. ಬೆವರಿಗೆ ಕಿವಿಯ ಪಕ್ಕದಿಂದ ಒಂದು ಕರೀ ಗೆರೆ ಬಿಳಿ ಅಂಗಿಯ ಕಾಲರಿನ ತನಕ ಇಳಿದಿತ್ತು. "ಇದು ಎಷ್ಟನೇ ನಂಬರ್ರಿ?"

"ಅದು ತಿನ್ನೂದಲ್ಲಲೇ, ನೋಡೂದು!"

"ನಮ್ಮ ಗುಲಾಬಿನೂ ನೋಡೂದ ಇತ್ರಿ, ಕಾಕಾರ."