ಕರೆಂಟ್ ರಾಯರು

ನಮ್ಮ ಬಡಾವಣೆಯಲ್ಲಿ ಶುಭವಿರಲಿ ಅಶುಭವಿರಲಿ, ಕರೆಂಟ್ ರಾಯರು ಹಾಜರು. ಸದ್ದಿಲ್ಲದ ಕಾರಾದ್ದರಿಂದ ಅವರು ಬರುವುದು ಯಾರಿಗೂ ಗೊತ್ತಾಗುವುದಿಲ್ಲ. ಬಂದ ಮೇಲೆ ಗೊತ್ತಾಗದವರು ಯಾರೂ ಉಳಿಯುವುದಿಲ್ಲ. ಮೊನ್ನೆ ಒಂದು ಮನೆಯ ವೈಕುಂಠ ಸಮಾರಾಧನೆಯಲ್ಲಿ ಎಲೆಯ ಮುಂದೆ ಕೂತು “ಹೋದವರು ಪುಣ್ಯವಂತರು” ಎಂದು ಶುರುಮಾಡಿದ ರಾಯರು, ಪಾಯಸ ಬರುವಷ್ಟರಲ್ಲಿ “ಇಲ್ಲಿಗೆ ಬರೋಕೆ ನನಗೆಷ್ಟು ಖರ್ಚಾಯ್ತು ಹೇಳಿ ನೋಡೋಣ” ಎಂಬಲ್ಲಿಗೆ ತಲುಪಿದ್ದರು. ಪಕ್ಕದವರು ಹೇಳಲಿಲ್ಲ. “ಏಳು ರೂಪಾಯಿ! ನಿಮ್ಮ ಪೆಟ್ರೋಲ್ ಕಾರಾಗಿದ್ದರೆ ಐವತ್ತು!” ಎಂದು ರಾಯರೇ ಹೇಳಿದರು. ಹೋದವರ ಮಗ ಸಮಾಧಾನ ಹೇಳಿಸಿಕೊಳ್ಳಲು ಕಾದು ನಿಂತಿದ್ದವನು ಸುಮ್ಮನೆ ಒಳಗೆ ಹೋದ.

ಇಂಥವರೊಬ್ಬರು ಈಗ ಬೀದಿಬೀದಿಗೂ ಇದ್ದಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಹಸಿರು ನಂಬರ್ ಪ್ಲೇಟು, ಜೇಬಿನಲ್ಲಿ ಪುಟ್ಟ ಡೈರಿ, ಪೆಟ್ರೋಲ್ ಬಂಕಿನ ಸಾಲು ಕಂಡಾಗ ಮುಖದಲ್ಲಿ ಅಪಾರ ಕರುಣೆ. ಟೈರಿಗೆ ಗಾಳಿ ತುಂಬಿಸಲು ಮಾತ್ರ ಅದೇ ಬಂಕಿಗೆ ಹೋಗುತ್ತಾರೆ. ಅಲ್ಲಿ ಗಾಳಿ ಪುಕ್ಕಟೆ.

ರಾಯರು ಲೆಕ್ಕಪತ್ರ ಇಲಾಖೆಯಲ್ಲಿ ಮೂವತ್ತು ವರ್ಷ ಊರವರ ಲೆಕ್ಕಕ್ಕೆಲ್ಲ ಆಕ್ಷೇಪಣೆ ಬರೆದು ನಿವೃತ್ತರಾದವರು. 2021ರ ಜೂನಿನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ ನೂರು ದಾಟಿದ ದಿನವೇ ಅವರ ಮನಸ್ಸು ಮುರಿದಿತ್ತಂತೆ. 2024ರ ಸಂಕ್ರಾಂತಿಗೆ ಕರೆಂಟು ಕಾರು ಮನೆಗೆ ಬಂತು. ಜಿಎಸ್‌ಟಿ ಶೇ 5 ಮಾತ್ರ, ರಸ್ತೆ ತೆರಿಗೆ ಇಲ್ಲ ಎಂದು ಹಿಗ್ಗಿದರು. ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದು ಕರ್ನಾಟಕ, 2017ರಲ್ಲಿ. 2001ರಲ್ಲಿ ‘ರೇವಾ’ ಎಂಬ ಪುಟ್ಟ ಕರೆಂಟು ಕಾರು ಹುಟ್ಟಿ ಲಂಡನ್ನಿನವರೆಗೂ ಓಡಿದ್ದು ಈ ಬೆಂಗಳೂರಿನಿಂದ. ಹೀಗಾಗಿ ತಾವು ಕಾರು ಕೊಂಡದ್ದು ನಾಡಸೇವೆ ಎಂಬುದು ಅವರ ನಿಲುವು. ಆ ಕಾಲದಲ್ಲಿ ರೇವಾ ಕಂಡು “ಇದೇನು ಕಾರೋ, ಪೆಟ್ಟಿಗೆಯೋ” ಎಂದು ನಕ್ಕವರಲ್ಲಿ ರಾಯರೂ ಒಬ್ಬರೆಂದು ಅವರ ಮನೆಯವರು ಹೇಳುತ್ತಾರೆ. ರಾಯರು ಅದನ್ನು ಅಲ್ಲಗಳೆಯುವುದಿಲ್ಲ, ಕೇಳಿಸಿಕೊಳ್ಳುವುದೂ ಇಲ್ಲ.

ಅವರ ಮೂಲಮಂತ್ರ ಸರಳ. ಪೇಟೆಯ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಕಾರು ಲೀಟರಿಗೆ ಹದಿನೈದು ಕಿಲೋಮೀಟರ್ ಕೊಟ್ಟರೆ ಕಿಲೋಮೀಟರಿಗೆ ಸುಮಾರು ಏಳು ರೂಪಾಯಿ. ಮನೆಯಲ್ಲೇ ಚಾರ್ಜ್ ಮಾಡಿದರೆ ಯೂನಿಟ್ಟಿಗೆ ಆರು ರೂಪಾಯಿ ಚಿಲ್ಲರೆ, ಒಂದು ಯೂನಿಟ್ಟಿಗೆ ಆರೂವರೆ ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ಒಂದು ರೂಪಾಯಿ, ಉಳಿತಾಯ ಆರು. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ರಾಯರ ಡೈರಿಯಲ್ಲಿ ಬರೆದದ್ದೆಲ್ಲ ಸತ್ಯವೇ. ಬರೆಯದೆ ಬಿಟ್ಟದ್ದು ಬೇರೆ ಕಡೆ ಇದೆ.

ಅಲ್ಲಿದೆ ಅವರ ಮೂವತ್ತು ವರ್ಷದ ಅನುಭವ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ನಾಲ್ಕು ಲಕ್ಷ ಹೆಚ್ಚು ಕೊಟ್ಟದ್ದು ‘ಬಂಡವಾಳ’ ಎಂಬ ಶೀರ್ಷಿಕೆಯಡಿ ಹೋಗಿದೆ, ಬಂಡವಾಳ ಖರ್ಚಲ್ಲ. ಗೋಡೆಗೆ ಚಾರ್ಜರ್ ಕೂರಿಸಿ, ಹೊಸ ವೈರು ಎಳೆಸಿ, ಅರ್ತಿಂಗ್ ಮಾಡಿಸಿ, ಮಂಜೂರಾದ ಲೋಡು ಏರಿಸಲು ಠೇವಣಿ ಕಟ್ಟಿದ್ದು ‘ಮನೆ ರಿಪೇರಿ’. ಬ್ಯಾಟರಿಯ ತೂಕಕ್ಕೆ ಬೇಗ ಸವೆದ ಟೈರುಗಳು ‘ರಸ್ತೆಯ ತಪ್ಪು’. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದು ಬೆಲೆಯ ಅಂತರ ಇನ್ನಷ್ಟು ಹಿಗ್ಗಿದ ದಿನ ರಾಯರು ರಾತ್ರಿ ಊಟ ಮಾಡಲಿಲ್ಲ. ಡೈರಿಯಲ್ಲಿ ಅದನ್ನು ‘ಏಕಾದಶಿ’ ಎಂದು ಬರೆದುಕೊಂಡರು.

ರಾಯರ ಮನೆ ಗೃಹಜ್ಯೋತಿಯ ಫಲಾನುಭವಿ ಕೂಡ. ಯೋಜನೆಯ ಕಟ್ಟಳೆ ಎಲ್ಲರಿಗೂ ಗೊತ್ತು: ಹಿಂದಿನ ಸರಾಸರಿಯ ಮೇಲೆ ಶೇ 10 ಸೇರಿಸಿದಷ್ಟು ಕರೆಂಟು ಉಚಿತ, ಅದಕ್ಕೆ ಮೇಲಾದದ್ದಕ್ಕೆ ದುಡ್ಡು, ತಿಂಗಳಿಗೆ 200 ಯೂನಿಟ್ ದಾಟಿತೋ ಇಡೀ ಬಿಲ್ಲೂ ನಮ್ಮ ತಲೆಗೆ. ರಾಯರ ಮನೆಯ ಸರಾಸರಿ 150, ಬಿಲ್ಲು ಸೊನ್ನೆ. ಕಾರು ತಿಂಗಳಿಗೆ ಓಡುವುದು ನಾನ್ನೂರು ಕಿಲೋಮೀಟರ್, ಕುಡಿಯುವುದು ಅರವತ್ತೆರಡು ಯೂನಿಟ್. ಮೊದಲ ತಿಂಗಳು ಮೀಟರು 212 ತೋರಿಸಿತು. ಸೊನ್ನೆ ಬರುತ್ತಿದ್ದ ಜಾಗದಲ್ಲಿ ಸಾವಿರದ ಮುನ್ನೂರು ಮೀರಿದ ಬಿಲ್ಲು ಬಂತು. ಕಿಲೋಮೀಟರಿಗೆ ಒಂದು ರೂಪಾಯಿ ಎಂಬುದು ಮೂರೂಕಾಲು ಆಯಿತು. ಕಾರಿಗೆಂದೇ ಪ್ರತ್ಯೇಕ ಮೀಟರು ಹಾಕಿಸಿಕೊಳ್ಳಿ ಎಂದವರಿಗೆ ರಾಯರು “ಅದಕ್ಕೆ ಬೇರೆ ಠೇವಣಿ, ಬೇರೆ ನಿಗದಿತ ಶುಲ್ಕ, ನಾನೇನು ದಡ್ಡನೇ?” ಎಂದರು.

ಆ ದಿನದಿಂದ 199 ಎಂಬುದು ಆ ಮನೆಯ ಕುಲದೇವತೆ. ಗೀಸರಿಗೆ ಬೀಗ ಬಿತ್ತು. ತಣ್ಣೀರು ಸ್ನಾನ ರಕ್ತಸಂಚಾರಕ್ಕೆ ಒಳ್ಳೆಯದೆಂಬ ಲೇಖನದ ಕತ್ತರಿಕೆ ಬಚ್ಚಲುಮನೆಯ ಬಾಗಿಲಿಗೆ ಅಂಟಿತು. ಇಸ್ತ್ರಿ ಬಟ್ಟೆ ಬೀದಿ ಮೂಲೆಯ ಇದ್ದಿಲು ಪೆಟ್ಟಿಗೆಯವನ ಪಾಲಾಯಿತು, ದೋಸೆ ಹಿಟ್ಟು ಅಂಗಡಿಯಿಂದ ಬಂತು. ಮೀಟರ್ ರೀಡರ್ ಬರುವ ಹಿಂದಿನ ಮೂರು ದಿನ ಮನೆಯವರೆಲ್ಲ ಏಳು ಗಂಟೆಗೇ ಮಲಗುತ್ತಾರೆ. ಕೊನೆಗೂ ಒಂದು ತಿಂಗಳು ಮೀಟರು 198ಕ್ಕೆ ನಿಂತಿತು; ಹೆಚ್ಚಿನ ಯೂನಿಟ್ಟುಗಳಿಗೆ ಕಟ್ಟಿದ್ದು ಇನ್ನೂರು ಚಿಲ್ಲರೆ ರೂಪಾಯಿ. ರಾಯರು ಬೀದಿಗೆಲ್ಲ ಸಾರಿದರು: “ಈಗ ಕಿಲೋಮೀಟರಿಗೆ ಐವತ್ತು ಪೈಸೆ!” ಇಸ್ತ್ರಿಯವನಿಗೂ ಹಿಟ್ಟಿನವನಿಗೂ ಕೊಟ್ಟದ್ದು ‘ಗೃಹಕೃತ್ಯ’ದಲ್ಲಿ ಸೇರಿತ್ತು. ಅವರ ಮನೆಯವರು ಒಳಗಿನಿಂದಲೇ ಅಂದರು: “ರೀ, ಮುಂದಿನ ಜನ್ಮ ಅಂತ ಒಂದಿದ್ದರೆ ಈ ಮನೇಲಿ ಕಾರಾಗಿ ಹುಟ್ಟುತೀನಿ. ರಾತ್ರಿಯಿಡೀ ಉಪಚಾರ ಸಿಗುತ್ತೆ.”

ಮಗಳ ಮನೆ ಮೈಸೂರಿನಲ್ಲಿ. ಹೋಗಿ ಬರಲು ಮುನ್ನೂರು ಕಿಲೋಮೀಟರಿಗೆ ಹತ್ತಿರ. ಕಂಪನಿಯವರ ಕಾಗದದಲ್ಲಿ ಕಾರು ಅಷ್ಟೂ ಓಡುತ್ತದೆ, ರಸ್ತೆಯಲ್ಲಿ ಇನ್ನೂರಕ್ಕೆ ಉಸಿರು ಬಿಡುತ್ತದೆ. ಹಾಗಾಗಿ ರಾಯರು ನೆಂಟರನ್ನು ಎರಡು ವರ್ಗ ಮಾಡಿದ್ದಾರೆ: ಹದಿನೈದು ಆಂಪಿಯರ್ ಸಾಕೆಟ್ ಇರುವವರು, ಇಲ್ಲದವರು. ಅಳಿಯನ ಮನೆಯ ಪೋರ್ಟಿಕೋದಲ್ಲಿ ಅಂಥದೊಂದು ಸಾಕೆಟ್ ಸಿಕ್ಕಾಗಿನಿಂದ ಮೊಮ್ಮಗನ ಮೇಲೆ ಅವರಿಗೆ ವಾತ್ಸಲ್ಯ ಉಕ್ಕಿ ಹರಿಯುತ್ತಿದೆ. ಬೆಳಗಾಗುವವರೆಗೂ ವಾತ್ಸಲ್ಯ ಚಾರ್ಜ್ ಆಗುತ್ತಿರುತ್ತದೆ.

ಒಮ್ಮೆ ಅಳಿಯನ ಮನೆಯಲ್ಲಿ ಕರೆಂಟು ಹೋಗಿ, ಬರುವಾಗ ದಾರಿಯಲ್ಲಿ ಫಾಸ್ಟ್ ಚಾರ್ಜರಿಗೆ ಶರಣಾಗಬೇಕಾಯಿತು. ಅಲ್ಲಿ ಯೂನಿಟ್ಟಿಗೆ ಇಪ್ಪತ್ತರ ಆಸುಪಾಸು, ಅದರಲ್ಲಿ ಶೇ 18 ಜಿಎಸ್‌ಟಿಯ ಪಾಲು. ಕಿಲೋಮೀಟರಿಗೆ ಮೂರು ರೂಪಾಯಿ ಬಿತ್ತು. ಮುಂದೆ ಇನ್ನೊಂದು ಕಾರು ಕಾಯುತ್ತಿತ್ತು. ಒಂದೂವರೆ ಗಂಟೆ ಸುಮ್ಮನೆ ಕೂರುವುದು ಹೇಗೆ? ಮದ್ದೂರು ವಡೆ ಬಂತು, ಕಾಫಿ ಬಂತು, ಮತ್ತೆ ವಡೆ ಬಂತು. ಚನ್ನಪಟ್ಟಣ ದಾಟುವಾಗ, ಹೇಗೂ ಉಳಿಸಿದ್ದೀರಲ್ಲ ಎಂದು ಅವರ ಮನೆಯವರು ಇಳಿದು ಬಣ್ಣದ ಗೊಂಬೆ, ಆಡುಕುದುರೆ ಕೊಂಡರು. ಪೆಟ್ರೋಲಿನಲ್ಲಿ ಉಳಿದ ಸಾವಿರ ಚಿಲ್ಲರೆ ಬೆಂಗಳೂರು ಸೇರುವ ಮೊದಲೇ ಕೈಬಿಟ್ಟಿತ್ತು. ಡೈರಿಯಲ್ಲಿ ವಡೆ ‘ಆಹಾರ’, ಗೊಂಬೆ ‘ಬಂಧು ಸತ್ಕಾರ’, ಉಳಿತಾಯ ಮಾತ್ರ ಪೂರ್ತಿ ‘ಕಾರು’.

ಅಗ್ಗ ಎಂಬುದು ಇನ್ನೊಂದು ಚಟ ಹತ್ತಿಸುತ್ತದೆ. ಮೊದಲು ಬೀದಿ ಕೊನೆಯ ಗಾಡಿಯಲ್ಲಿ ಕೊತ್ತಂಬರಿ ಕೊಳ್ಳುತ್ತಿದ್ದ ರಾಯರು ಈಗ ಅದಕ್ಕೆ ಮಲ್ಲೇಶ್ವರಕ್ಕೆ ಹೋಗುತ್ತಾರೆ. ಕಟ್ಟಿಗೆ ಐದು ರೂಪಾಯಿ ಕಡಿಮೆಯಂತೆ. “ದಾರಿ ಖರ್ಚು?” ಎಂದರೆ “ಅದೇನು, ಕಿಲೋಮೀಟರಿಗೆ ಒಂದೇ ರೂಪಾಯಿ” ಎನ್ನುತ್ತಾರೆ. ಹದಿನಾರು ಕಿಲೋಮೀಟರ್ ಎಂಬುದನ್ನು ನಾವು ಕೇಳಬಾರದು, ಅವರು ಹೇಳಬಾರದು.

ಯುಗಾದಿಗೆ ಬಂದ ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಹೋಳಿಗೆ ತಿನ್ನುತ್ತಲೇ ಡೈರಿ ತಿರುವಿ ಹಾಕಿ ಕೇಳಿದಳು: “ಅಪ್ಪಾ, ತಿಂಗಳಿಗೆ ನಾನ್ನೂರು ಕಿಲೋಮೀಟರ್. ಕಿಲೋಮೀಟರಿಗೆ ಆರು ರೂಪಾಯಿ ಉಳಿತಾಯ. ವರ್ಷಕ್ಕೆ 28,800. ಸರೀನಾ?”

“ನೋಡಿದೆಯಾ!” ಎಂದರು ರಾಯರು.

“ಹೆಚ್ಚಿಗೆ ಕೊಟ್ಟ ನಾಲ್ಕು ಲಕ್ಷವನ್ನ ಶೇ 7ಕ್ಕೆ ಎಫ್‌ಡಿ ಇಟ್ಟಿದ್ದರೆ ವರ್ಷಕ್ಕೆ 28,000 ಬಡ್ಡಿ. ಕಳೆದರೆ ಉಳಿಯೋದು 800. ಅದೂ ಟೈರು, ಚಾರ್ಜರು ಯಾವುದನ್ನೂ ಸೇರಿಸದೆ.”

ನಾವೆಲ್ಲ ರಾಯರ ಮುಖ ನೋಡಿದೆವು. ಎರಡು ಕ್ಷಣ ಅದು ಬಾಡಿತು. ಆಮೇಲೆ ಅರಳಿತು. “ಅಂದರೆ ಲಾಭವೇ ತಾನೇ?” ಎಂದು ಎದ್ದು ನಿಂತರು. ಮರುದಿನದಿಂದ ಬೀದಿಯಲ್ಲಿ ಹೊಸ ಮಾತು ಶುರುವಾಯಿತು: “ಬ್ಯಾಂಕಿನವರೇ ಲೆಕ್ಕ ಹಾಕಿ ಒಪ್ಪಿಕೊಂಡಿದ್ದಾರೆ.”

ಇದೇ ವಾರ ವಿಮಾನ ನಿಲ್ದಾಣಕ್ಕೆ ಹೋಗಲು ಹತ್ತಿದ ಟ್ಯಾಕ್ಸಿಯೂ ಕರೆಂಟಿನದೇ. ಹೆಬ್ಬಾಳದವರೆಗೂ ಚಾಲಕ ತುಟಿ ಬಿಚ್ಚಲಿಲ್ಲ. ನಾನೇ ಕೆದಕಿದೆ. “ದಿನಕ್ಕೆ ನೂರೈವತ್ತು ಕಿಲೋಮೀಟರ್ ಓಡುತ್ತೆ ಸಾರ್. ಹೊರಗಡೇನೇ ಚಾರ್ಜ್ ಮಾಡಿದ್ರೂ ಆರುನೂರು ಉಳಿಯುತ್ತೆ. ಕಂತು ಅದರಲ್ಲೇ ಹೋಗ್ತಾ ಇದೆ” ಎಂದ. ಅಷ್ಟೇ. ತಿಂಗಳಿಗೆ ಇಪ್ಪತ್ತೈದು ದಿನ ದುಡಿದರೆ ಹದಿನೈದು ಸಾವಿರ. ರಾಯರ ನಾಲ್ಕು ಲಕ್ಷ ಅವನಿಗೆ ಎರಡೂಕಾಲು ವರ್ಷದಲ್ಲಿ ಹುಟ್ಟುತ್ತದೆ. ನಿಜಕ್ಕೂ ಉಳಿಸುವವನಿಗೆ ಅದನ್ನು ಹೇಳಿಕೊಂಡು ತಿರುಗಲು ಪುರುಸೊತ್ತಿಲ್ಲ, ತಿರುಗಿ ಹೇಳುವವರಿಗೆ ಉಳಿಯುವಷ್ಟು ತಿರುಗಾಟವಿಲ್ಲ.

ಹೊಗೆ ಇಲ್ಲ, ಸದ್ದಿಲ್ಲ, ಗೇರು ಬದಲಿಸುವ ಗೋಳಿಲ್ಲ ಎಂದು ಕೊಳ್ಳುವವರೊಡನೆ ನನಗೆ ಜಗಳವಿಲ್ಲ. ಅದು ಸುಖದ ಮಾತು, ಸುಖಕ್ಕೆ ದುಡ್ಡು ಕೊಡುವುದು ತಪ್ಪಲ್ಲ. ಉಳಿಸಲೆಂದೇ ಕೊಳ್ಳುವವರು ಮಾತ್ರ ಅಂಗಡಿಗೆ ಹೋಗುವ ಮೊದಲು ಒಂದು ಗುಣಾಕಾರ ಮಾಡಿ. ನಿಮ್ಮ ವರ್ಷದ ಕಿಲೋಮೀಟರನ್ನು ಆರರಿಂದ ಗುಣಿಸಿ, ಕಾರಿಗೆ ಹೆಚ್ಚಾಗಿ ತೆರಬೇಕಾದ ಹಣದ ಬಡ್ಡಿಯ ಪಕ್ಕದಲ್ಲಿಡಿ. ಮನೆಯಲ್ಲೇ ಚಾರ್ಜಿಂಗ್ ಇದ್ದು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಾದರೆ ಆ ನಾಲ್ಕು ಲಕ್ಷ ಐದೂವರೆ ವರ್ಷದಲ್ಲಿ, ಅಂದರೆ ಬ್ಯಾಟರಿಗೆ ಸಾಮಾನ್ಯವಾಗಿ ಕೊಡುವ ಎಂಟು ವರ್ಷದ ವಾರಂಟಿಯೊಳಗೇ ಹಿಂದಕ್ಕೆ ಬರುತ್ತದೆ, ಧಾರಾಳವಾಗಿ ಕೊಳ್ಳಿ. ರಾಯರಂತೆ ನಾನ್ನೂರು ಓಡಿಸುವವರಿಗೆ ಹದಿನಾಲ್ಕು ವರ್ಷ ಬೇಕು. ಅಂಥವರು ಇರುವ ಕಾರನ್ನೇ ಓಡಿಸಿ, ಬಿಸಿನೀರಿನಲ್ಲಿ ಸ್ನಾನ ಮಾಡಿ.