ಸಸ್ಪೆನ್ಷನ್ ಅಣ್ಣ

ಬೂದಿಗೆರೆಯಲ್ಲಿ ಬೆಳಗ್ಗೆ ಏಳಕ್ಕೆ ಟೀ ಅಂಗಡಿ ಮುಂದೆ ನಿಂತವರಿಗೆ ಒಂದು ಬಿಟ್ಟಿ ಸಿನಿಮಾ. ಎದುರುಮನೆ ಅಣ್ಣ ಕಾರು ಎಬ್ಬಿಸುವುದು. ಬೇರೆಯವರು ಕಾರು ಸ್ಟಾರ್ಟ್ ಮಾಡುತ್ತಾರೆ, ಅಣ್ಣ ಎಬ್ಬಿಸುತ್ತಾನೆ. ರಾತ್ರಿ ನೆಟ್ಟಗೆ ನಿಂತಿದ್ದ ಗಾಡಿ ಬೆಳಗಾಗುವಷ್ಟರಲ್ಲಿ ಮುಂಗಾಲು ಮಡಿಸಿ, ಬಂಪರಿನಿಂದ ನೆಲ ಮೂಸುತ್ತಾ ಕೂತಿರುತ್ತದೆ. ಅಣ್ಣ ಗುಂಡಿ ಒತ್ತುತ್ತಾನೆ. ಹೊಟ್ಟೆಯೊಳಗಿಂದ ಕೊಯ್ಯೋ ಎಂದು ಕಂಪ್ರೆಸರ್ ಕೂಗು. ಮೊದಲು ಹಿಂಭಾಗ ಮೇಲೇಳುತ್ತದೆ, ಆಮೇಲೆ ಮುಂಭಾಗ. ದನ ಏಳುವುದೂ ಹಾಗೇ. ಅಷ್ಟರಲ್ಲಿ ನಮ್ಮದು ಒಂದು ಟೀ ಮುಗಿದಿರುತ್ತದೆ, ಚಳಿಗಾಲದಲ್ಲಿ ಎರಡು.

"ಎದ್ದೈತಾ ಅಣ್ಣೋ?"

"ಏಳ್ತಾ ಐತೆ ಇರ್ರಲಾ. ಜರ್ಮನಿದು. ಟೈಮ್ ತಗಂತದೆ."

ಕಂಪನಿ ಹೆಸರು ಬೇಡ, ಜರ್ಮನಿಯದು ಅಂದರೆ ಸಾಕು. ಇಂಥ ಅಣ್ಣಂದಿರು ನಮ್ಮೂರಿನ ಸ್ವತ್ತೇನಲ್ಲ. 2008ರಲ್ಲಿ ದೇವನಹಳ್ಳಿ ಪಕ್ಕ ವಿಮಾನ ಇಳಿಯತೊಡಗಿದ ಮೇಲೆ ಹೊಸಕೋಟೆಯಿಂದ ದೊಡ್ಡಬಳ್ಳಾಪುರದವರೆಗೆ ಊರಿಗೊಬ್ಬರು ಸಿಗುತ್ತಾರೆ. ದ್ರಾಕ್ಷಿ ತೋಟವೋ ಹಿಪ್ಪುನೇರಳೆ ಹೊಲವೋ ಲೇಔಟ್ ಆಗಿರುತ್ತದೆ. ಮನೆ ಕಟ್ಟಿ, ತಂಗಿ ಮದುವೆ ಮಾಡಿ, ತಮ್ಮನ ಪಾಲು ಕೊಟ್ಟ ಮೇಲೆ ನಮ್ಮಣ್ಣನ ಕೈಲಿ ಉಳಿದದ್ದು 14 ಲಕ್ಷ. ಅದಕ್ಕೆ ಚೆಂದದ ಹೊಸ ಚಿಕ್ಕ ಕಾರೇ ಬರುತ್ತಿತ್ತು. ಆದರೆ ಚಿಕ್ಕ ಕಾರಲ್ಲಿ ಹೋಗಿ ಪಾರ್ಟಿಗೆ ಜಮೀನು ತೋರಿಸಿದರೆ ಎಕರೆಯೂ ಚಿಕ್ಕದಾಗಿ ಕಾಣುತ್ತದೆ ಎಂಬುದು ಅಣ್ಣನ ಸಿದ್ಧಾಂತ.

ಹೊಸದಾಗಿದ್ದಾಗ 80 ಲಕ್ಷ ದಾಟಿದ್ದ 2012ರ ಡೀಸೆಲ್ ಗಾಡಿ ದೆಹಲಿಯಲ್ಲಿ 11 ಲಕ್ಷಕ್ಕೆ ಸಿಕ್ಕಿತು. ಇಷ್ಟು ಅಗ್ಗ ಯಾಕೆ ಅಂತ ಅಣ್ಣ ಕೇಳಲಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅಲ್ಲಿಂದ ಶುರುವಾಯಿತು ಗಾಡಿಗಳ ದಕ್ಷಿಣಯಾತ್ರೆ. ಎನ್‌ಒಸಿ ತಂದು, ಲೈಫ್ ಟ್ಯಾಕ್ಸ್ ಕಟ್ಟಿ, ಕೆಎ-43 ಬೋರ್ಡು ಹಾಕಿಸುವಷ್ಟರಲ್ಲಿ ಮಿಕ್ಕ ಮೂರು ಲಕ್ಷವೂ ಗಾಳಿಗೆ ಹೋಯಿತು.

ಅಣ್ಣನ ಅಪ್ಪ ಹಾಗಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು ಕೊಳ್ಳಲು ಆತನಿಗೆ ಎರಡು ದಿನ ಬೇಕಿತ್ತು. ಬಾಯಿ ಬಿಡಿಸಿ ಹಲ್ಲು ಎಣಿಸಬೇಕು, ಬಾಯಿಗೂಡಿದ್ದೋ ಆರು ಹಲ್ಲಿನದ್ದೋ ನೋಡಬೇಕು, ಸುಳಿ ಹುಡುಕಬೇಕು, ನಡೆಸಬೇಕು, ಗೊರಸು ತಟ್ಟಬೇಕು. ಆಮೇಲೆ ಟವೆಲ್ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಮಗ ಗಾಡಿ ನೋಡಿದ್ದು ಫೋನಿನಲ್ಲಿ. ಕೇಳಿದ್ದು ಒಂದೇ ಪ್ರಶ್ನೆ, "ಸನ್‌ರೂಫ್ ಐತಾ?"

ಮೂರನೇ ತಿಂಗಳಿಗೆ ಗಾಡಿ ಮೊದಲ ಸಲ ಮಂಡಿಯೂರಿತು. ಅಣ್ಣ ಬೆಂಗಳೂರಿನ ದೊಡ್ಡ ವರ್ಕ್‌ಶಾಪಿಗೆ ಹೋದ. ಸೋಫಾ ಮೇಲೆ ಕೂರಿಸಿ, ನೊರೆ ಕಾಫಿ ಕೊಟ್ಟು, ಕಂಪ್ಯೂಟರ್ ಹಚ್ಚಿ ಎಸ್ಟಿಮೇಟ್ ಕೊಟ್ಟರು. ಮುಂದಿನ ಒಂದು ಸ್ಟ್ರಟ್ 1,40,000. ಜೋಡಿಯಾಗಿಯೇ ಬದಲಾಯಿಸಬೇಕು. ಕಂಪ್ರೆಸರ್ 80,000. ಕೂಲಿ, ಜಿಎಸ್‌ಟಿ ಬೇರೆ. ಅಣ್ಣ ಮನೆಗೆ ಬಂದು ಸಪ್ಪಗೆ, "ಸಸ್ಪೆನ್ಷನ್ ಆಗೋಯ್ತು ಕಣವ್ವ" ಅಂದ.

ಅವ್ವನ ಕೈಲಿದ್ದ ಮೊರ ಕೆಳಗೆ ಬಿತ್ತು. "ಸಸ್ಪೆಂಡಾ? ನೀನ್ಯಾವಾಗ್ಲಾ ಗೌರ್ಮೆಂಟ್ ಕೆಲಸಕ್ಕೆ ಸೇರ್ಕಂಡಿದ್ದೆ?"

ಅವತ್ತಿನಿಂದ ಹೆಸರು ನಿಂತಿತು.

ವಿಷಯ ಇಷ್ಟೇ. ಈ ಗಾಡಿಗೆ ಕಬ್ಬಿಣದ ಸ್ಪ್ರಿಂಗ್ ಇಲ್ಲ, ಅದರ ಬದಲು ಗಾಳಿ ತುಂಬಿದ ರಬ್ಬರ್ ಚೀಲ. ಹಳ್ಳ ದಾಟಿದ್ದು ಗೊತ್ತಾಗದಷ್ಟು ಸುಖ. ಆದರೆ ರಬ್ಬರ್ ರಬ್ಬರೇ ತಾನೇ, ಹತ್ತು ವರ್ಷಕ್ಕೆ ಕೂದಲೆಳೆ ಬಿರುಕು. ಸೋರಿದಷ್ಟೂ ತುಂಬುತ್ತಾ ತುಂಬುತ್ತಾ, ತೂತುಬಿಂದಿಗೆಗೆ ನೀರು ಹೊಯ್ಯುವವನ ಹಾಗೆ ದುಡಿದು, ಕೊನೆಗೆ ಕಂಪ್ರೆಸರೂ ಸುಟ್ಟುಹೋಗುತ್ತದೆ. ಇನ್ನು ದುಡ್ಡಿನ ಲೆಕ್ಕ. ಗಾಡಿ ಬೆಲೆ 80ರಿಂದ 11ಕ್ಕೆ ಇಳಿದ ಸುದ್ದಿ ಬಿಡಿಭಾಗಗಳಿಗೆ ಮುಟ್ಟಿಲ್ಲ. ಅಣ್ಣ ಕೊಂಡದ್ದು 11 ಲಕ್ಷದ ಕಾರು, ಅದಕ್ಕಿರುವುದು 80 ಲಕ್ಷದ ಕಾಲು.

ಕೊನೆಗೆ ರೋಗ ಯಾವ ಕಾಲಿಗೆ ಅಂತ ಪತ್ತೆ ಮಾಡಿದವನು ನಮ್ಮ ಪಂಕ್ಚರ್ ಅಂಗಡಿ ಹುಡುಗ. ಸೋಪಿನ ನೀರು ಚಿಮುಕಿಸಿದ. ಎಡಗಾಲಿನಲ್ಲಿ ಗುಳ್ಳೆ ಎದ್ದಿತು. "ಇಲ್ಲೈತೆ ನೋಡಣ್ಣ" ಅಂದು ಐವತ್ತು ರೂಪಾಯಿ ಇಸ್ಕೊಂಡ. ಶಿವಾಜಿನಗರದಿಂದ 35,000ಕ್ಕೆ ರೀಕಂಡೀಷನ್ ಸ್ಟ್ರಟ್ ಬಂತು. ಎಂಟು ತಿಂಗಳು ಎಡಗಾಲು ಸುಖವಾಗಿತ್ತು, ಆಮೇಲೆ ಬಲಗಾಲು ಶುರು ಮಾಡಿತು.

ನಡುವೆ ಬ್ಯಾಟರಿ ಹೋಯಿತು, 30,000. ಹೊಸ ಬ್ಯಾಟರಿ ಹಾಕಿದರೆ ಸಾಲದು, ಹಾಕಿದ್ದೇವೆ ಅಂತ ಕಂಪ್ಯೂಟರ್ ಮೂಲಕ ಗಾಡಿಗೆ ತಿಳಿಸಬೇಕು. "ಬ್ಯಾಟರಿ ತಂದಿದ್ದು ಹೆಂಡ್ರಿಗೇ ಹೇಳಿಲ್ಲ ನಾನು, ಗಾಡಿಗೆ ಹೇಳ್ಬೇಕಂತೆ!" ಎಂದು ಅಣ್ಣ ಹಣೆ ಚಚ್ಚಿಕೊಂಡ. ಆಮೇಲೆ ಮಸಿ. ಟೀ ಅಂಗಡಿಯಿಂದ ಸೈಟಿಗೆ, ಸೈಟಿಂದ ಟೀ ಅಂಗಡಿಗೆ ಓಡಿಸಿದರೆ ಹೊಗೆಕೊಳವೆಯ ಫಿಲ್ಟರಿನಲ್ಲಿ ಮಸಿ ಕಟ್ಟುತ್ತದೆ. ದೂರ ಓಡಿ ಕಾದರೆ ಮಾತ್ರ ಅದು ಉರಿದುಹೋಗುವುದು. ಹಾಗಾಗಿ ಭಾನುವಾರ ಅಣ್ಣ ಒಬ್ಬನೇ ಕೋಲಾರದವರೆಗೆ ಹೋಗಿ, ಮಸಿ ಸುಟ್ಟು, ಹೊಸಕೋಟೆಯಲ್ಲಿ ಬಿರಿಯಾನಿ ತಿಂದು ಬರುತ್ತಾನೆ. ಮಸಿಯ ಕಥೆಯನ್ನು ಅತ್ತಿಗೆ ಇನ್ನೂ ನಂಬಿಲ್ಲ.

ಮೊನ್ನೆ ಅಣ್ಣ ಕಾರು ಮಾರಲು ಹೊರಟ. ಕೊಳ್ಳುವವನಿಗೆ ಹತ್ತು ಗಂಟೆಗೆ ಬರಲು ಹೇಳಿದ್ದರೂ ಏಳಕ್ಕೇ ಎಬ್ಬಿಸಿ, ಎಂಜಿನ್ ಆರಿಸದೆ ನಿಲ್ಲಿಸಿದ್ದ. ಮಂಡೂರು ಕಡೆಯ ಹುಡುಗ ಬಂದ, ಹೊಸದಾಗಿ ಜಮೀನು ಮಾರಿದವನು. ಬಿಳಿ ಅಂಗಿ, ಬಿಳಿ ಪ್ಯಾಂಟು. ಒಂದು ಸುತ್ತು ಹಾಕಿದ. ಜಗಲಿ ಮೇಲಿದ್ದ ಅಪ್ಪ ಗಂಟಲು ಸರಿಮಾಡಿಕೊಂಡ.

"ಅಪ್ಪಾ, ನೀನು ಒಳೀಕೆ ಓಗು" ಅಂದ ಅಣ್ಣ.

ಅಪ್ಪ ಹೋಗಲಿಲ್ಲ. "ಸುಳಿ ನೋಡ್ದೇನಪ್ಪ?"

"ಸುಳಿನಾ? ಎಲ್ಲಿರ್ತದೆ ತಾತ?"

ಅಪ್ಪ ಊರುಗೋಲು ಎತ್ತಿ ಬಲಗಡೆ ಮುಂದಿನ ಚಕ್ರದ ಕಡೆ ತೋರಿಸುವಷ್ಟರಲ್ಲಿ ಹುಡುಗ ಆಗಲೇ ಕಾರೊಳಗೆ ಕೂತು ತಲೆ ಎತ್ತಿ ಮೇಲೆ ನೋಡುತ್ತಿದ್ದ.

"ಅಣ್ಣೋ, ಇದನ್ನ ಒಂಚೂರು ಓಪನ್ ಮಾಡಿ ತೋರ್ಸು."